ಕಾರ್ನ್ ಸ್ನೇಕ್ ಮರಿಗೆ ಎಷ್ಟು ದೊಡ್ಡ ಮನೆ ಬೇಕು?

ಪ್ರಶ್ನೆ: ನಾವು ಒಹಾಯೊದ ಕೊಲಂಬಸ್‌ನಲ್ಲಿದ್ದೇವೆ. 12 ವರ್ಷದ ಮಗ ಎರಡು ವರ್ಷ ಹಟ ಹಿಡಿದು ಕೊನೆಗೂ ಕಾರ್ನ್ ಸ್ನೇಕ್ (ಇಲ್ಲಿ ಮನೆಗಳಲ್ಲಿ ಸಾಕುವ ಒಂದು ಬಗೆಯ ಹಾವು) ಮರಿಗೆ ನಮ್ಮನ್ನು ಒಪ್ಪಿಸಿದ್ದಾನೆ. ಒಂದಡಿ ಉದ್ದದ ಮರಿ, ಮುಂದಿನ ತಿಂಗಳು ತರಬೇಕು. ಅಂಗಡಿಯವರು 20 ಗ್ಯಾಲನ್ ಟ್ಯಾಂಕ್ ಸಾಕು, ದೊಡ್ಡದರಲ್ಲಿ ಬಿಟ್ಟರೆ ಮರಿ ಹೆದರಿ ಊಟ ಬಿಡುತ್ತದೆ ಅನ್ನುತ್ತಾರೆ. ಮಗನಿಗೆ ನಾಲ್ಕಡಿಯದೇ ಬೇಕಂತೆ. ಒಂದೇ ಇದ್ದರೆ ಬೇಜಾರಾಗುತ್ತದೆ, ಜೊತೆಗೆ ಇನ್ನೊಂದು ತರೋಣ ಅಂತ ಬೇರೆ ಹೇಳುತ್ತಾನೆ. ಯಾರ ಮಾತು ಕೇಳಲಿ? ಹಾವು ತಪ್ಪಿಸಿಕೊಂಡರೆ ಏನು ಗತಿ ಅಂತ ನನಗೆ ಈಗಲೇ ನಿದ್ದೆ ಬರುತ್ತಿಲ್ಲ.

ಉತ್ತರ: ಮನೆಯ ಅಳತೆಯ ವಿಷಯದಲ್ಲಿ ನನ್ನ ವೋಟು ನಿಮ್ಮ ಮಗನಿಗೆ. ಜೊತೆಗಾರನ ವಿಷಯದಲ್ಲಿ ಮಾತ್ರ ಖಂಡಿತ ಬೇಡ. ಕಾರ್ನ್ ಸ್ನೇಕ್ ಒಂಟಿ ಜೀವಿ. ಎರಡನ್ನು ಒಟ್ಟಿಗೆ ಹಾಕಿದರೆ ಬೆಚ್ಚಗಿನ ಜಾಗಕ್ಕೆ ಪೈಪೋಟಿ. ಅಪರೂಪಕ್ಕೆ ಒಂದು ಇನ್ನೊಂದನ್ನು ನುಂಗುವುದೂ ಉಂಟು.

ಈ ಹಾವು ಬೆಳೆದರೆ ಮೂರರಿಂದ ಐದಡಿ. ಚೆನ್ನಾಗಿ ಸಾಕಿದರೆ 15-20 ವರ್ಷ ಬದುಕುತ್ತದೆ. (ಮಗ ಕಾಲೇಜಿಗೆ ಹೋದ ಮೇಲೆ ಇಲಿ ಹಾಕುವವರು ನೀವೇ, ಅದೂ ತಲೆಯಲ್ಲಿರಲಿ.) 20 ಗ್ಯಾಲನ್ ಟ್ಯಾಂಕ್‌ಗಳಲ್ಲಿ ಉದ್ದನೆಯದು ಅಂದರೂ 30 ಇಂಚು. ಬೆಳೆದ ಹಾವು ಅದರಲ್ಲಿ ನೆಟ್ಟಗೆ ಮೈ ಚಾಚಲೂ ಆಗುವುದಿಲ್ಲ. ಹಾವು ಸದಾ ಸುರುಳಿ ಸುತ್ತಿಕೊಂಡೇ ಇರುತ್ತದೆ ಅಂದುಕೊಂಡಿರುತ್ತೇವೆ. ರಾತ್ರಿ ದೀಪ ಆರಿಸಿ ಸುಮ್ನೆ ಕೂತು ನೋಡಿ, ಎಷ್ಟು ಓಡಾಡುತ್ತದೆ ಗೊತ್ತಾಗುತ್ತದೆ. ಹತ್ತುವುದೂ ಇಷ್ಟ. ಹಾಗಾಗಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದು ಒಂದೇ ಸಲ ಕೊಂಡುಬಿಡಿ. ಒಳಗೆ ಒಂದೆರಡು ಗಟ್ಟಿ ಕೊಂಬೆ ಇರಲಿ.

ಹಾಗಾದರೆ ಅಂಗಡಿಯವರು ಹೇಳಿದ್ದು ಸುಳ್ಳಾ? ಅರ್ಧ ನಿಜ. ಮರಿ ಹೆದರುವುದು ದೊಡ್ಡ ಜಾಗಕ್ಕಲ್ಲ, ಖಾಲಿ ಜಾಗಕ್ಕೆ. ನಮ್ಮ ಕಡೆ ಹಾವು ಹುತ್ತ ಹುಡುಕಿಕೊಂಡು ಹೋಗುತ್ತದಲ್ಲ, ಯಾಕೆ? ಒಳಗೆ ಕತ್ತಲು, ಇಕ್ಕಟ್ಟು, ಹೊರಗಿನ ಬಿಸಿಲು ಚಳಿ ತಟ್ಟುವುದಿಲ್ಲ. ನಿಮ್ಮ ಟ್ಯಾಂಕಿನೊಳಗೂ ಅಂಥ ಎರಡು ‘ಹುತ್ತ’ ಬೇಕು, ಬೆಚ್ಚಗಿನ ಕಡೆ ಒಂದು, ತಣ್ಣಗಿನ ಕಡೆ ಒಂದು. ಒಂದೇ ಇಟ್ಟರೆ ಹಾವು ಬಚ್ಚಿಟ್ಟುಕೊಳ್ಳುವ ಆಸೆಗೆ ಬಿಸಿಯನ್ನೋ ಚಳಿಯನ್ನೋ ಸಹಿಸಿಕೊಂಡು ಕೂರುತ್ತದೆ. ಈ ‘ಹುತ್ತ’ ದೊಡ್ಡದಾಗಿರಬಾರದು. ಸುರುಳಿ ಸುತ್ತಿದಾಗ ಮೈ ಸುತ್ತಲೂ ಗೋಡೆಗೆ ತಾಗಬೇಕು. ಮರಿಗೆ ರಟ್ಟಿನ ಸಣ್ಣ ಡಬ್ಬಿಗೆ ತೂತು ಮಾಡಿ ಬೋರಲು ಹಾಕಿದರೂ ನಡೆಯುತ್ತದೆ. ಉಳಿದ ಜಾಗದಲ್ಲಿ ಪ್ಲಾಸ್ಟಿಕ್ ಎಲೆ, ಮರದ ತೊಗಟೆ ತುಂಬಿ. ಹೀಗೆ ಮಾಡಿದರೆ ನಾಲ್ಕಡಿಯಲ್ಲೂ ಮರಿ ಆರಾಮಾಗಿರುತ್ತದೆ.

ಉದ್ದ ಬೇಕಾಗುವುದಕ್ಕೆ ಇನ್ನೊಂದು ಕಾರಣ ಬಿಸಿ. ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಬೇಕಾದಾಗ ಬೆಚ್ಚಗಿನ ಕಡೆ, ಸಾಕಾದಾಗ ತಣ್ಣಗಿನ ಕಡೆ ಹೋಗಬೇಕು. ಬೆಚ್ಚಗಿನ ಕಡೆ 85ರಿಂದ 88 ಡಿಗ್ರಿ ಫ್ಯಾರನ್‌ಹೀಟ್, ಇನ್ನೊಂದು ತುದಿಯಲ್ಲಿ 75ರ ಆಸುಪಾಸು ಇದ್ದರೆ ಸರಿ. ಪುಟ್ಟ ಟ್ಯಾಂಕಿನಲ್ಲಿ ಈ ವ್ಯತ್ಯಾಸ ನಿಲ್ಲುವುದು ಕಷ್ಟ. ಹೀಟ್ ಮ್ಯಾಟ್ ಆಗಲಿ, ಬಲ್ಬ್ ಆಗಲಿ, ಥರ್ಮೋಸ್ಟಾಟ್ (ಬಿಸಿ ಹದ ಮೀರದಂತೆ ನೋಡಿಕೊಳ್ಳುವ ಸಾಧನ) ಇಲ್ಲದೆ ಪ್ಲಗ್ ಹಾಕಲೇಬೇಡಿ. ಕರೆಂಟಿನಿಂದ ಕಾಯುವ ಬಿಸಿ ಕಲ್ಲು ಅಂತ ಮಾರುತ್ತಾರೆ, ಅದರ ಹತ್ತಿರವೂ ಹೋಗಬೇಡಿ. ಹೊಟ್ಟೆ ಸುಟ್ಟುಕೊಂಡ ಹಾವುಗಳನ್ನು ನೋಡಿದ್ದೇನೆ. ಕಿಟಕಿ ಪಕ್ಕವೂ ಬೇಡ. ಬಿಸಿಲು ಬಿದ್ದರೆ ಗಾಜಿನ ಪೆಟ್ಟಿಗೆ ಒಲೆಯಾಗುತ್ತದೆ.

ಚಳಿಗಾಲದಲ್ಲಿ ನಿಮ್ಮಲ್ಲಿ ಹೀಟರ್ ಹಾಕಿ ಮನೆಯ ಗಾಳಿ ಒಣಗಿರುತ್ತದೆ ಅಲ್ವಾ? ಮೇಲೆ ಜಾಲರಿ ಇರುವ ಟ್ಯಾಂಕಿನಲ್ಲಿ ತೇವ ನಿಲ್ಲುವುದಿಲ್ಲ, ಪೊರೆ ಚೂರುಚೂರಾಗಿ ಬರುತ್ತದೆ. ಅದಕ್ಕೇ ನನಗೆ ಮುಂದೆ ಬಾಗಿಲಿರುವ ಪಿವಿಸಿ ಪೆಟ್ಟಿಗೆ ಇಷ್ಟ. ತೇವಾಂಶ ಶೇ 40ರಿಂದ 60 ಇದ್ದರೆ ಸಾಕು. ಹಾವಿನ ಕಣ್ಣು ಹಾಲು ಬೆರೆಸಿದ ನೀಲಿಯಂತೆ ಮಂಕಾದರೆ ಪೊರೆ ಬಿಡುವ ಸಮಯ ಬಂತು ಅಂತ. ಆಗ ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ತುಂಬಿದ ಡಬ್ಬಿಯೊಂದನ್ನು ಒಳಗಿಡಿ. ನೆಲಕ್ಕೆ ಆಸ್ಪೆನ್ ಮರದ ಸಿಪ್ಪೆ ಅಥವಾ ತೆಂಗಿನ ನಾರಿನ ಪುಡಿ. ಸೀಡರ್ ಮರದ್ದು ಬೇಡವೇ ಬೇಡ. ಘಮಘಮ ಅನ್ನುವ ಅದರ ಎಣ್ಣೆ ಹಾವಿಗೆ ಒಳ್ಳೆಯದಲ್ಲ.

ಇನ್ನು ನಿಮ್ಮ ನಿದ್ದೆಯ ವಿಷಯ. ಮೊದಲೇ ಹೇಳಿಬಿಡುತ್ತೇನೆ, ಕಾರ್ನ್ ಸ್ನೇಕ್‌ಗೆ ವಿಷ ಇಲ್ಲ. ಆದರೆ ತಲೆ ತೂರಿದ ಕಡೆ ಮೈ ತೂರಿಸುತ್ತದೆ. ನಾನೇ ಒಮ್ಮೆ ಮುಚ್ಚಳದ ಕ್ಲಿಪ್ ಹಾಕಲು ಮರೆತು 11 ದಿನ ಹುಡುಕಿದ್ದೇನೆ. ಕೊನೆಗೆ ಸಿಕ್ಕಿದ್ದು ಫ್ರಿಜ್ ಹಿಂದೆ, ಮೋಟರಿನ ಬಿಸಿಗೆ ಒತ್ತಿಕೊಂಡು. ಜಾರುವ ಗಾಜಿನ ಬಾಗಿಲಾದರೆ ಎರಡು ಗಾಜಿನ ನಡುವಿನ ಸಂದು ನೋಡಿ. ವೈರ್ ಹೋಗುವ ತೂತನ್ನೂ ನೋಡಿ. ಒಂದಡಿ ಮರಿ ಪೆನ್ಸಿಲ್‌ಗಿಂತ ದಪ್ಪ ಇರುವುದಿಲ್ಲ. ಪೆನ್ಸಿಲ್ ತೂರುವಂತಿದ್ದರೆ ಆ ಸಂದನ್ನು ಮುಚ್ಚಲೇಬೇಕು. ಗಾಜಿಗೆ ಬೀಗವೂ ಇರಲಿ.

ರಜೆಗೆ ಊರಿಗೆ ಬಂದಾಗ ಮಗ ಕೇರೆಹಾವು ನೋಡಿ ಇದನ್ನೂ ಸಾಕೋಣ ಅಂದಾನು. ಭಾರತದ ಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಪೆಟ್ಟಿಗೆಯನ್ನು ಈಗಲೇ ತನ್ನಿ. ಹಾವಿಲ್ಲದೆ ಒಂದು ವಾರ ಎಲ್ಲ ಚಾಲೂ ಇಟ್ಟು, ಬೆಳಿಗ್ಗೆ ರಾತ್ರಿ ಎರಡೂ ತುದಿಯ ಡಿಗ್ರಿ ಬರೆದಿಡಲು ಮಗನಿಗೆ ಹೇಳಿ. ಅಂಕಿ ಏರುಪೇರಾಗದೆ ನಿಂತ ಮೇಲೆ ಮರಿ ತನ್ನಿ. ತಂದ ಮೇಲೆ ಇನ್ನೊಂದು ವಾರ ನೀರು ಬದಲಿಸುವುದು ಬಿಟ್ಟು ಕೈ ಹಾಕುವಂತಿಲ್ಲ. ನಿಮ್ಮ ಮಗನಿಗೆ ಕಷ್ಟವಾಗುವುದು ಇದೇ ನೋಡಿ.