ಕ್ರೌಸ್‌ ಸಂಗೀತಕ್ಕೆ ಯಾವ ಬಾಗಿಲಿನಿಂದ ಹೋಗಬೇಕು?

ಪ್ರಶ್ನೆ: ಇಪ್ಪತ್ತು ವರ್ಷ ಕರ್ನಾಟಕ ಸಂಗೀತ ಕೇಳಿದ ಕಿವಿ ನನ್ನದು. ಈಚೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರುಚಿ ಹತ್ತಿದೆ. ಏನೋ ಹುಡುಕುವಾಗ ಜೋಸೆಫ್ ಮಾರ್ಟಿನ್ ಕ್ರೌಸ್ ಎಂಬವರ ಸಿ ಮೈನರ್ ಸಿಂಫನಿ ಸಿಕ್ಕಿತು, ಜೊತೆಗೆ ‘ಸ್ವೀಡನ್ನಿನ ಮೊಜಾರ್ಟ್’ ಎಂಬ ಬಿರುದು. ಅದೇ ಕೃತಿಯ ಇನ್ನೊಂದು ಧ್ವನಿಮುದ್ರಣ ಹಾಕಿದರೆ ಶ್ರುತಿಯೇ ಇಳಿದಂತೆ ಕೇಳಿಸಿತು, ಓಟವೂ ಬೇರೆ. ಯಾವುದು ಸರಿ? ಇವರು ಯಾರು, ಎಲ್ಲಿಂದ ಶುರು ಮಾಡಲಿ?
– ಮೈಸೂರಿನ ಓದುಗರು

ಉತ್ತರ: ನಿಮ್ಮ ಕಿವಿ ತಪ್ಪಿಲ್ಲ, ಶ್ರುತಿ ನಿಜವಾಗಿಯೂ ಇಳಿದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಬಿರುದನ್ನು ಪಕ್ಕಕ್ಕಿಡಿ. ಮೊಜಾರ್ಟ್, ಕ್ರೌಸ್ ಇಬ್ಬರೂ ಹುಟ್ಟಿದ್ದು 1756ರಲ್ಲಿ. ಮೊಜಾರ್ಟ್ ತೀರಿಕೊಂಡದ್ದು 1791ರ ಡಿಸೆಂಬರಿನಲ್ಲಿ, ಕ್ರೌಸ್ 1792ರ ಡಿಸೆಂಬರಿನಲ್ಲಿ. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಮೊಜಾರ್ಟನಂತೆ ಗುನುಗಿಕೊಂಡು ಮನೆಗೆ ಹೋಗುವಂಥ ಧಾಟಿಗಳನ್ನು ಹುಡುಕಿ ಕ್ರೌಸನ ಬಳಿ ಬಂದವರಿಗೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಈತ ಮೂಲತಃ ರಂಗಭೂಮಿಯ ಮನುಷ್ಯ. ಪರದೆ ಏಳುವುದಕ್ಕೆ ಮುಂಚಿನ ಕತ್ತಲು, ಕೆಟ್ಟ ಸುದ್ದಿ ಹೊತ್ತವನ ಹೆಜ್ಜೆ ಸದ್ದು, ಮಾತು ನಿಂತುಹೋದ ಗಳಿಗೆ – ಇವೆಲ್ಲ ಆತನ ಸಿಂಫನಿಗಳ ಒಳಗೂ ಇವೆ. ನಾಟಕ ನೋಡುವ ಮನಸ್ಸಿನಿಂದ ಕೇಳಿದರೆ ಕ್ರೌಸ್ ಒಂದೇ ಸಲಕ್ಕೆ ದಕ್ಕುತ್ತಾನೆ.

ಹುಟ್ಟಿದ್ದು ಜರ್ಮನಿಯಲ್ಲಿ, ಮೈನ್ ನದಿ ದಂಡೆಯ ಮಿಲ್ಟನ್‌ಬರ್ಗ್ ಎಂಬ ಊರಿನಲ್ಲಿ. ಓದಿದ್ದು ಕಾನೂನು. ಗ್ಯೋಟಿಂಗನ್ನಿನಲ್ಲಿ ಜೊತೆಗೆ ಓದುತ್ತಿದ್ದ ಸ್ವೀಡನ್ ಹುಡುಗನ ಮಾತು ಕೇಳಿ 1778ರಲ್ಲಿ ಸ್ಟಾಕ್‌ಹೋಮಿಗೆ ಹೊರಟ. ಅಲ್ಲಿ ಆಗ 3ನೇ ಗುಸ್ತಾವ್ ದೊರೆ. ನಾಟಕ, ಒಪೆರಾ ಎಂದರೆ ಪ್ರಾಣ ಬಿಡುತ್ತಿದ್ದವನು. ಆದರೂ ಆಸ್ಥಾನದ ಬಾಗಿಲು ತೆರೆಯಲು ಮೂರು ವರ್ಷ ಹಿಡಿಯಿತು. 1781ರಲ್ಲಿ ಉಲ್ರಿಕ್ಸ್‌ಡಾಲ್ ಅರಮನೆಯಲ್ಲಿ ‘ಪ್ರೊಸರ್ಪಿನ್’ ಒಪೆರಾ ನಡೆದ ಮೇಲೆ ದೊರೆ ಕೆಲಸವನ್ನೂ ಕೊಟ್ಟ, ತನ್ನ ಖರ್ಚಿನಲ್ಲೇ ಯುರೋಪ್ ಸುತ್ತಿ ಬಾ ಎಂದು ಕಳಿಸಿದ. 1782ರಿಂದ 1787ರವರೆಗೆ ನಡೆದ ಆ ತಿರುಗಾಟದಲ್ಲೇ ಕ್ರೌಸ್ ವಿಯೆನ್ನಾದಲ್ಲಿ ಒಪೆರಾ ರಚನಕಾರ ಗ್ಲುಕ್‌ನನ್ನೂ ಹಂಗೇರಿಯ ಎಸ್ಟರ್‌ಹಾಜಾದಲ್ಲಿ ಸಿಂಫನಿಗಳ ರಚನಕಾರ ಹೈಡನ್‌ನನ್ನೂ ಕಂಡದ್ದು.

ನೀವು ಕೇಳಿದ ಸಿ ಮೈನರ್ ಸಿಂಫನಿ 1783ರದ್ದು, ಅಂದರೆ ಅದೇ ದಾರಿಯ ಫಲ. ಅದರ ನಿಧಾನಗತಿಯ ಆರಂಭವನ್ನು ಇನ್ನೊಮ್ಮೆ ಕೇಳಿ. ತಂತಿವಾದ್ಯಗಳ ಒಂದು ಎಳೆ ಸ್ವರವನ್ನು ಹಿಡಿದು ನಿಂತಿರುತ್ತದೆ. ಇನ್ನೊಂದು ಎಳೆ ಅದರ ಪಕ್ಕಕ್ಕೇ ಬಂದು ಉಜ್ಜುತ್ತದೆ. ಮೊದಲನೆಯದು ತಡೆಯಲಾರದೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಇಳಿದ ನೆಮ್ಮದಿ ಕ್ಷಣಮಾತ್ರ, ಮತ್ತೆ ಉಜ್ಜುವಿಕೆ. ಗ್ಲುಕ್‌ನ ಔಲಿಸಿನ ಇಫಿಜೀನಿಯಾ ಒಪೆರಾದ ಪೀಠಿಕೆ ಸಂಗೀತ ಶುರುವಾಗುವುದು ಹೀಗೆಯೇ. ಕ್ರೌಸ್ ಅದಕ್ಕೆ ಕೈಮುಗಿದು ಸಿಂಫನಿಯನ್ನು ಆರಂಭಿಸಿದ್ದಾನೆ. ಮಗಳನ್ನು ಬಲಿ ಕೊಡಬೇಕಾದ ತಂದೆಯ ಕಥೆಯ ಸಂಗೀತ ಅದು ಎಂದು ಗೊತ್ತಾದ ಮೇಲೆ ಈ ಉಜ್ಜುವಿಕೆ ಬೇರೆಯೇ ರೀತಿ ನಾಟುತ್ತದೆ.

ಇನ್ನೊಂದು ಸಂಗತಿ ನಿಮಗೆ ಖಂಡಿತ ರುಚಿಸುತ್ತದೆ. ಈ ಸಿಂಫನಿ ಹೊಸದಾಗಿ ಹುಟ್ಟಿದ್ದಲ್ಲ. ಮೊದಲೇ ಬರೆದಿದ್ದ ಸಿ ಶಾರ್ಪ್ ಮೈನರ್ (ಸಿ ಮೈನರಿಗಿಂತ ಅರ್ಧ ಮೆಟ್ಟಿಲು ಮೇಲಿನ ಶ್ರುತಿ) ಸಿಂಫನಿಯನ್ನು ಕ್ರೌಸ್ ಬಿಚ್ಚಿ ಮತ್ತೆ ಹೊಲಿದ. ಆ ಕಾಲದಲ್ಲಿ ಸಿ ಶಾರ್ಪ್ ಮೈನರಿನಲ್ಲಿ ಯಾರೂ ಸಿಂಫನಿಗೆ ಕೈ ಹಾಕುತ್ತಿರಲಿಲ್ಲ. ಆಗಿನ ಹಾರ್ನ್ ಎಂಬ ಹಿತ್ತಾಳೆ ಊದುವಾದ್ಯಗಳಿಗೆ ಗುಂಡಿಗಳಿರಲಿಲ್ಲ, ಕೊಳವೆಯ ಉದ್ದಕ್ಕೆ ಸಹಜವಾಗಿ ಬರುವ ಸ್ವರಗಳಷ್ಟೇ ನಿರಾಯಾಸವಾಗಿ ನುಡಿಯುತ್ತಿದ್ದವು. ಹೊಸ ರೂಪದಲ್ಲಿ ಶ್ರುತಿ ಅರ್ಧ ಮೆಟ್ಟಿಲು ಇಳಿಯಿತು, ಹಾರ್ನ್‌ಗಳು ನಾಲ್ಕಾದವು, ನೃತ್ಯದ ಲಯದ ಮಿನುಯೆಟ್ ಭಾಗ ಬಿದ್ದುಹೋಯಿತು. ಎರಡನ್ನೂ ಒಂದರ ಹಿಂದೊಂದು ಹಾಕಿ ನೋಡಿ. ಒಂದೇ ಕೃತಿಯನ್ನು ವಿದ್ವಾಂಸರೊಬ್ಬರು ಯೌವನದಲ್ಲಿ ಹಾಡಿದ್ದನ್ನೂ ಪಕ್ವವಾದ ಮೇಲೆ ಹಾಡಿದ್ದನ್ನೂ ಕೇಳಿದ ಅನುಭವವಿರುವ ನಿಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ನನಗೆ ಎರಡನೆಯದೇ ಮೇಲು. ಆದರೆ ಆ ಮಿನುಯೆಟ್ಟನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ.

ಈಗ ಶ್ರುತಿಯ ಮಾತು. ಈ ಸಿಂಫನಿಗೆ ಹೆಚ್ಚು ಜನ ಕೇಳುವ ಧ್ವನಿಮುದ್ರಣಗಳು ಎರಡು. ಒಂದು, ಜರ್ಮನಿಯ ಕಾನ್ಸರ್ಟೋ ಕೋಲ್ನ್ ತಂಡ ಕ್ಯಾಪ್ರಿಚಿಯೊ ಸಂಸ್ಥೆಗೆ 1990ರ ದಶಕದ ಆರಂಭದಲ್ಲಿ ಮಾಡಿದ್ದು. ಇನ್ನೊಂದು, ಸ್ವೀಡನ್ನಿನ ಯೋರೆಬ್ರೂ ಊರಿನ ಸ್ವೀಡಿಷ್ ಚೇಂಬರ್ ಆರ್ಕೆಸ್ಟ್ರಾ ಪೆಟರ್ ಸುಂಡ್‌ಕ್ವಿಸ್ಟ್ ನಿರ್ದೇಶನದಲ್ಲಿ ನ್ಯಾಕ್ಸೊಸ್ ಸಂಸ್ಥೆಗೆ ಮಾಡಿದ್ದು. ಕೋಲ್ನ್ ತಂಡದವರದು ಆ ಕಾಲದ ಮಾದರಿಯ ವಾದ್ಯಗಳು. ಇಂಥ ತಂಡಗಳು 18ನೇ ಶತಮಾನದ ಕೊನೆಯ ಸಂಗೀತಕ್ಕೆ ಸಾಮಾನ್ಯವಾಗಿ ಶ್ರುತಿ ಕೂಡಿಸುವ ‘ಎ’ ಸ್ವರವನ್ನು 430 ಹರ್ಟ್ಸ್ ಸುತ್ತ ಇಟ್ಟುಕೊಳ್ಳುತ್ತವೆ. ಇಂದಿನ ವಾದ್ಯಗಳ ಆರ್ಕೆಸ್ಟ್ರಾ 440 ಅಥವಾ ಅದಕ್ಕೂ ತುಸು ಮೇಲೆ. ಒಂದು ಸ್ವರಸ್ಥಾನದ ಹೆಚ್ಚುಕಡಿಮೆ ಅರ್ಧದಷ್ಟಿರುವ ಆ ಇಳಿತವನ್ನೇ ನಿಮ್ಮ ಕಿವಿ ಹಿಡಿದದ್ದು.

ಯಾವುದು ಸರಿ ಎಂದರೆ ಎರಡೂ ಸರಿ, ಆದರೆ ಒಂದೇ ಕೆಲಸಕ್ಕಲ್ಲ. ಕೋಲ್ನ್ ತಂಡದ ಕೊನೆಯ ಭಾಗದಲ್ಲಿ ಕಮಾನಿನ ಪ್ರತಿ ಎಳೆತವೂ ತಂತಿಯನ್ನು ಕಚ್ಚುತ್ತದೆ, ಹಾರ್ನ್‌ಗಳು ಒರಟಾಗಿ ಒಡೆದು ಬರುತ್ತವೆ. ನಾಟಕ ಬೇಕಿದ್ದರೆ ಅದು. ಸುಂಡ್‌ಕ್ವಿಸ್ಟ್ ಧ್ವನಿಮುದ್ರಣದಲ್ಲಿ ಒಳಗಿನ ಎಳೆಗಳು, ಅದರಲ್ಲೂ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾಗಳ ಸಾಲು, ಬಿಡಿಬಿಡಿಯಾಗಿ ಕಾಣುತ್ತವೆ. ಕೃತಿಯ ಕಟ್ಟಡ ತಿಳಿಯಬೇಕಿದ್ದರೆ ಇದು. ಅದೂ ಅಲ್ಲದೆ ಕೋಲ್ನ್ ತಂಡದ್ದು ಎರಡೇ ಸಿ.ಡಿ. ತಟ್ಟೆ. ಸುಂಡ್‌ಕ್ವಿಸ್ಟ್ ನಾಲ್ಕು ತಟ್ಟೆಗಳಲ್ಲಿ ಸಿಂಫನಿಗಳನ್ನೆಲ್ಲ ಮುಗಿಸಿದ್ದಾರೆ. ಮನೆಯಲ್ಲಿರಬೇಕಾದದ್ದು ಸುಂಡ್‌ಕ್ವಿಸ್ಟ್ ಸರಣಿ, ಮೊದಲ ಸಲ ಮೈ ಜುಮ್ಮೆನ್ನಬೇಕಾದರೆ ಕೋಲ್ನ್.

ಇದರ ನಂತರ ನೇರವಾಗಿ ‘ಸಿಂಫನಿ ಫ್ಯುನೆಬ್ರ್’ಗೆ ಹೋಗಿ. 1792ರ ಮಾರ್ಚ್ 16ರ ರಾತ್ರಿ ಸ್ಟಾಕ್‌ಹೋಮಿನ ಒಪೆರಾ ಭವನದಲ್ಲಿ, ಮುಖವಾಡ ತೊಟ್ಟು ಕುಣಿಯುತ್ತಿದ್ದವರ ನಡುವೆ ಗುಸ್ತಾವ್ ದೊರೆಗೆ ಗುಂಡು ಬಿತ್ತು. ದೊರೆ 29ರಂದು ಪ್ರಾಣ ಬಿಟ್ಟ. ಆ ಶೋಕಾಚರಣೆಗೆ ಕ್ರೌಸ್ ಬರೆದ ಸಂಗೀತ ಇದು. ನಾಲ್ಕು ಭಾಗ, ನಾಲ್ಕೂ ನಿಧಾನ. ಓಡುವ ಭಾಗ ಒಂದೂ ಇಲ್ಲದ ಸಿಂಫನಿಯನ್ನು ಆ ಕಾಲದಲ್ಲಿ ಬರೆಯಲು ಗಟ್ಟಿ ಎದೆ ಬೇಕು. ಮೊದಲು ಕೇಳಿಸುವುದು ಸದ್ದಡಗಿಸಿದ ಟಿಂಪನಿ ನಗಾರಿಯ ಪೆಟ್ಟು, ಒಂಟಿಯಾಗಿ. ಎಷ್ಟು ಮೆಲ್ಲಗೆ ಎಂದರೆ ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಕೇಳುತ್ತಿದ್ದರೆ ಇನ್ನೂ ಶುರುವಾಗಿಲ್ಲ ಎಂದುಕೊಳ್ಳುತ್ತೀರಿ. ರಾತ್ರಿ ಫ್ಯಾನ್ ಆರಿಸಿ ಹೆಡ್‌ಫೋನಿನಲ್ಲಿ ಕೇಳಿ. ಮೂರನೇ ಭಾಗ ಸ್ವೀಡನ್ನಿನ ಚರ್ಚುಗಳಲ್ಲಿ ಮಣ್ಣು ಮಾಡುವಾಗ ಹಾಡುವ ಸ್ತೋತ್ರ. ಕೊನೆಗೆ ಮತ್ತೆ ಅದೇ ನಗಾರಿ. ಬರೆದವನ ಎದೆಯಲ್ಲಿ ಆಗಲೇ ಕ್ಷಯ ಕೂತಿತ್ತು. ಆ ವರ್ಷ ಮುಗಿಯುವುದರೊಳಗೆ, 36ನೇ ವಯಸ್ಸಿನಲ್ಲಿ, ಕ್ರೌಸ್ ಕೂಡ ಹೋದ.

ಪ್ರಶ್ನೆ: ಕ್ರೌಸ್ ರಂಗ ಸಂಗೀತ ಪೂರ್ತಿಯಾಗಿ ಧ್ವನಿಮುದ್ರಣವಾಗಿದೆಯೇ? ನನಗೆ ಪೀಠಿಕೆ ಸಂಗೀತ, ಕುಣಿತದ ತುಣುಕುಗಳೇ ಸಿಗುತ್ತಿವೆ. ಅಷ್ಟು ದೊಡ್ಡವನಾದರೆ ಇಷ್ಟು ಬಡತನ ಏಕೆ?
– ಬೆಂಗಳೂರಿನ ಓದುಗರು

ಉತ್ತರ: ದುಡ್ಡಿನ ಪ್ರಶ್ನೆ. ಸಿಂಫನಿಗೆ ಒಂದು ಆರ್ಕೆಸ್ಟ್ರಾ ಸಾಕು. ಒಪೆರಾಕ್ಕೆ ಗಾಯಕರು, ವೃಂದಗಾನದವರು, ವಾರಗಟ್ಟಲೆ ತಾಲೀಮು, ಸ್ವೀಡಿಷ್ ಭಾಷೆ ಬಲ್ಲ ನಾಲಿಗೆಗಳು – ಎಲ್ಲ ಬೇಕು. ಹೆಸರಿಲ್ಲದ ರಚನಕಾರನಿಗೆ ಅಷ್ಟು ಸುರಿಯುವವರು ಯಾರು? ನಮ್ಮವರೇ ಒಬ್ಬರು ಸುರಿದಿದ್ದಾರೆ. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಸಂಗೀತವನ್ನು 1940ರ ದಶಕದಲ್ಲಿ ತಮ್ಮ ಹಣದಿಂದ ಧ್ವನಿಮುದ್ರಣ ಮಾಡಿಸಿ ಉಳಿಸಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಆ ಕೃತಜ್ಞತೆಗೆ ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಕ್ರೌಸನ ದೊಡ್ಡ ಒಪೆರಾ ಅಂಥ ಒಬ್ಬರಿಗಾಗಿ ಇನ್ನೂ ಕಾಯುತ್ತಿದೆ.

ಆ ಒಪೆರಾ ‘ಕಾರ್ಥೇಜಿನಲ್ಲಿ ಏನಿಯಾಸ್’. ಅದರ ಹಣೆಬರಹ ಮೊದಲಿನಿಂದಲೂ ಕೆಟ್ಟದ್ದು. 1782ರಲ್ಲಿ ಸ್ಟಾಕ್‌ಹೋಮಿನ ಹೊಸ ಒಪೆರಾ ಭವನ ಇದರಿಂದಲೇ ತೆರೆಯಬೇಕಿತ್ತು. ಮುಖ್ಯ ಗಾಯಕಿ ಗಂಡನ ಜೊತೆ ಸಾಲಗಾರರಿಗೆ ಸಿಗದಂತೆ ದೇಶ ಬಿಟ್ಟು ಹೋದಳು, ಆ ಗೌರವ ನೌಮನ್ ಎಂಬ ಇನ್ನೊಬ್ಬ ರಚನಕಾರನ ಒಪೆರಾಕ್ಕೆ ಹೋಯಿತು. ಏನಿಯಾಸ್ ರಂಗ ಹತ್ತಿದ್ದು 1799ರಲ್ಲಿ, ಬರೆದವನು ತೀರಿ ಏಳು ವರ್ಷಕ್ಕೆ. ಆಮೇಲೆ 2006ರಲ್ಲಿ, ಕ್ರೌಸ್ ಹುಟ್ಟಿದ 250ನೇ ವರ್ಷ, ಜರ್ಮನಿಯ ಸ್ಟುಟ್‌ಗಾರ್ಟ್ ಒಪೆರಾ ಅದನ್ನು ಆಡಿತು. ಮನೆಯಲ್ಲಿ ಕೇಳಲು ಪ್ಯಾಟ್ರಿಕ್ ಗಲ್ವಾ ನಿರ್ದೇಶನದಲ್ಲಿ ಫಿನ್ಲೆಂಡಿನ ಯುವಾಸ್ಕ್ಯುಲಾ ಆರ್ಕೆಸ್ಟ್ರಾ ನುಡಿಸಿದ ವಾದ್ಯಭಾಗಗಳಿವೆ. ಹಾಡು ಬಿಟ್ಟ ಒಪೆರಾ ಪಲ್ಯವಿಲ್ಲದ ಊಟ, ನಿಜ. ಆದರೂ ಕೇಳಿ.

ಹಾಡಿನ ಸಮೇತ ಬೇಕಿದ್ದರೆ ಹುಡುಕಬೇಕಾದ ಹೆಸರುಗಳು ಮೂರು. ‘ಪ್ರೊಸರ್ಪಿನ್’ ಮಾರ್ಕ್ ಟ್ಯಾಟ್ಲೋ ನಿರ್ದೇಶನದಲ್ಲಿ ಸ್ವೀಡನ್ ಸಂಗೀತದ ಮ್ಯೂಸಿಕಾ ಸ್ವೇಸಿಯೆ ಧ್ವನಿಮುದ್ರಣ ಸರಣಿಯಲ್ಲಿ ಬಂದಿದೆ. ದೊರೆಯ ಅಂತ್ಯಕ್ರಿಯೆಯ ಕಂಟಾಟ, ಅಂದರೆ ಗಾಯಕರಿಗೂ ವೃಂದಕ್ಕೂ ಬರೆದ ಶೋಕಗಾನ, ಅದೇ ಸರಣಿಯಲ್ಲಿ ಸ್ಟೆಫಾನ್ ಪಾರ್ಕ್‌ಮನ್ ನಿರ್ದೇಶನದಲ್ಲಿದೆ. ಮೂರನೆಯದು ಫಿಲಿಪ್ ಬ್ರೂನೆಲ್ ಮುದ್ರಿಸಿದ ‘ಸೊಲಿಮಾನ್ 2’, 1789ರ ಹಾಸ್ಯ ಕೃತಿ, ತುರ್ಕಿ ಸೈನ್ಯದ ಡೋಲು ತಾಳಗಳ ಗದ್ದಲ ತುಂಬಿದ್ದು. ಶೋಕದ ಸಂಗೀತ ಕೇಳಿ ಮನಸ್ಸು ಭಾರವಾದವರಿಗೆ ಒಳ್ಳೆಯ ಮದ್ದು.

ತುಣುಕುಗಳನ್ನು ಮಾತ್ರ ಕೀಳಾಗಿ ಕಾಣಬೇಡಿ. ವೋಲ್ಟೇರನ ದುರಂತ ನಾಟಕಕ್ಕೆ 1792ರಲ್ಲಿ ಬರೆದ ‘ಒಲಿಂಪಿ’ಯ ಪೀಠಿಕೆ, ಡಿ ಮೈನರಿನದ್ದು, ನನ್ನ ಲೆಕ್ಕದಲ್ಲಿ ಕ್ರೌಸ್ ಎಂದರೇನು ಎಂಬುದಕ್ಕೆ ಅತಿ ಚಿಕ್ಕ ಉತ್ತರ. ನಾಟಕದ ಒಂದು ಮಾತೂ ಗೊತ್ತಿಲ್ಲದೆ ಕೂತಿದ್ದರೂ, ಪರದೆ ಎದ್ದಾಗ ಒಳ್ಳೆಯದೇನೂ ಆಗುವುದಿಲ್ಲ ಎಂದು ತಿಳಿದುಬಿಡುತ್ತದೆ. ‘ಫಿಸ್ಕರೆನಾ’ ಎಂಬ ಬೆಸ್ತರ ಬ್ಯಾಲೆ ಸಂಗೀತ, ಅದೂ ಸುಂಡ್‌ಕ್ವಿಸ್ಟ್ ಮುದ್ರಿಸಿದ್ದು, ಇದಕ್ಕೆ ಪೂರ್ತಿ ವಿರುದ್ಧ: ಹಗುರ, ಬಿಸಿಲು.

ಪ್ರಶ್ನೆ: ಕೃತಿಗಳ ಮುಂದೆ ‘ವಿಬಿ 142’ ಎಂದೆಲ್ಲ ಇರುತ್ತದೆ, ಏನದು? ಪ್ರೌಢಶಾಲೆ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಕೇಳಿಸಲು ಏನಾದರೂ ಹೇಳಿ.
– ಧಾರವಾಡದ ಶಿಕ್ಷಕಿ

ಉತ್ತರ: ಬರ್ಟಿಲ್ ವಾನ್ ಬೂರ್ ಎಂಬ ಅಮೆರಿಕದ ವಿದ್ವಾಂಸರು ಕ್ರೌಸನ ಕೃತಿಗಳನ್ನು ಪಟ್ಟಿ ಮಾಡಿ ಕೊಟ್ಟ ಸಂಖ್ಯೆ ಅದು. ಹುಡುಕುವಾಗ ಅದನ್ನೇ ಬಳಸಿ. ಮೇಲೆ ಹೇಳಿದ ಸಿ ಮೈನರ್ 142, ಅದರ ಮೂಲ ಸಿ ಶಾರ್ಪ್ ಮೈನರ್ 140, ಶೋಕದ ಸಿಂಫನಿ 148. ಬರೀ ‘ಸಿಂಫನಿ’ ಎಂದು ಹುಡುಕಿದರೆ ಸಿ ಮೇಜರಿನವು ಒಂದಕ್ಕೊಂದು ಕಲೆಸಿಹೋಗುತ್ತವೆ.

ಮಕ್ಕಳಿಗೆ 1789ರ ಸ್ವೀಡನ್ ಸಂಸತ್ತಿನ ಅಧಿವೇಶನಕ್ಕೆ ಬರೆದ ‘ರಿಕ್ಸ್‌ಡಾಗ್ಸ್ ಮಾರ್ಚ್’, ಅಂದರೆ ಮೆರವಣಿಗೆಯ ನಡಿಗೆ ಲಯದ ಸಂಗೀತ, ಕೇಳಿಸಿ. ಅದಕ್ಕೆ ಮುಂಚೆ ಮೊಜಾರ್ಟನ ‘ಇಡೊಮೆನೇಯೊ’ ಒಪೆರಾದ ಮಾರ್ಚ್ ಒಂದನ್ನು ಹಾಕಬೇಕು, ಕ್ರೌಸ್ ತನ್ನದನ್ನು ಕಟ್ಟಿದ್ದು ಅದರ ಮೇಲೆಯೇ. ‘ಇಡೊಮೆನೇಯೊ’ದಲ್ಲಿ ಮಾರ್ಚ್‌ಗಳು ಒಂದಕ್ಕಿಂತ ಹೆಚ್ಚಿವೆ, ಬೇಕಾದದ್ದು 14ನೇ ಸಂಖ್ಯೆಯದು. ಏನನ್ನೂ ಹೇಳದೆ ಎರಡನ್ನೂ ಹಾಕಿ, ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ಮಕ್ಕಳನ್ನೇ ಕೇಳಿ. ಹೊರಗಿನ ಸದ್ದು ಕಡಿಮೆ ಇರುವ ಕೋಣೆ ಆರಿಸಿಕೊಳ್ಳಿ, ಮೊಬೈಲಿನ ಸ್ಪೀಕರ್ ಸಾಲದು.