ಚರ್ಚಿನಲ್ಲಿ ಅಧಿಕೃತ ಸ್ಥಾನವಿಲ್ಲದ ಕ್ರೈಸ್ತ ಮಹಿಳೆಯರು ದೇವರ ಸೇವೆ ಹೇಗೆ ಮಾಡುತ್ತಾರೆ?

ಸ್ಥಾನವೇ ಬೇಕೆಂದಿಲ್ಲ. ಮಿಜೋರಾಂನ ಪ್ರೆಸ್ಬಿಟೇರಿಯನ್ (ಒಂದು ಪ್ರೊಟೆಸ್ಟಂಟ್ ಪಂಗಡ) ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಹೆಂಗಸರು ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕಿಡುತ್ತಾರೆ. 1910ರಲ್ಲಿ ಶುರುವಾದ ಈ ಪದ್ಧತಿಯ ಹೆಸರು ‘ಬುಹ್‌ಫಾಯ್ ಥಾಮ್’. ಮಹಿಳಾ ಸಂಘದವರು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಾರೆ. ಮಾರಿ ಬಂದ ಹಣ ಸುವಾರ್ತಾ ಸೇವೆಗೆ. ಬಡವರ ಹಿಡಿಗೂ ಸಿರಿವಂತರ ಹಿಡಿಗೂ ಅಷ್ಟೇನೂ ಅಂತರವಿಲ್ಲ ಎಂಬುದೇ ಇದರಲ್ಲಿ ನನಗೆ ಮೆಚ್ಚುಗೆಯಾದದ್ದು.

ಹಿರಿಯ ಸ್ತ್ರೀಯರು ಕಿರಿಯರಿಗೆ ಬುದ್ಧಿ ಕಲಿಸಬೇಕೆಂದು ಬೈಬಲಿನಲ್ಲಿ ತೀತನಿಗೆ ಬರೆದ ಪತ್ರದ 2ನೆಯ ಅಧ್ಯಾಯ ಹೇಳುತ್ತದೆ. ಹಾಗೆಯೇ ವೆಲ್ಲೂರಿನಲ್ಲಿ ಅಮೆರಿಕದ ಮಿಷನರಿ ವೈದ್ಯೆ ಡಾ. ಐಡಾ ಸ್ಕಡರ್ ತಾವೊಬ್ಬರೇ ಚಿಕಿತ್ಸೆ ಮಾಡುತ್ತ ಕೂರಲಿಲ್ಲ. 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ತೆರೆದು ಮುಂದಿನ ಪೀಳಿಗೆಯನ್ನು ತಯಾರು ಮಾಡಿದರು. ಇಂದಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಸಂಸ್ಥೆಯ ವೈದ್ಯಕೀಯ ಕಾಲೇಜಿನ ಮೂಲ ಅದೇ ಶಾಲೆ.