ಸೈನ್‌ಅಪ್ ದಿಢೀರ್ ಬಿದ್ದರೆ ಮೊದಲು ದರಕ್ಕೆ ಕೈ ಹಾಕಬೇಡಿ

ಅಣ್ಣಾರೇ, ನಿಮ್ಮ ಪ್ರಶ್ನೆ ಓದಿದೆ. ಅಂಗಡಿಯವರಿಗೆ ಬಿಲ್ಲಿಂಗ್ ಆ್ಯಪ್, ತಿಂಗಳಿಗೆ 299ರ ಪ್ಲಾನ್. ದಿನಕ್ಕೆ ಹತ್ತು-ಹನ್ನೆರಡು ಹೊಸಬರು ಸೈನ್‌ಅಪ್ ಆಗಿ ಸೇರುತ್ತಿದ್ದರು, ಹೋದ ಮಂಗಳವಾರದಿಂದ ಎರಡು-ಮೂರೇ. 199 ಮಾಡಿಬಿಡಲೇ ಅಂತ ಕೇಳಿದ್ದೀರಿ. ಬೇಡ, ಇವತ್ತಂತೂ ಬೇಡವೇ ಬೇಡ. ದರ ಇಳಿಸಿದರೆ ಯಾವುದರಿಂದ ಏನಾಯ್ತು ಅಂತ ಆಮೇಲೆ ಗೊತ್ತೇ ಆಗುವುದಿಲ್ಲ. ಹಳೇ ಗಿರಾಕಿಗಳೂ "ನಮಗೂ ಕೊಡ್ರಿ" ಅಂತ ಫೋನ್ ಹಚ್ಚುತ್ತಾರೆ.

ಮೊದಲು ದಿನದ ಲೆಕ್ಕ ಬಿಟ್ಟು ಗಂಟೆ ಲೆಕ್ಕ ತೆಗೆಯಿರಿ. ಬೋರ್‌ವೆಲ್ ಬತ್ತುವುದು ವಾರಗಟ್ಟಲೆ, ಮೋಟಾರ್ ಸುಟ್ಟರೆ ಒಂದೇ ಕ್ಷಣ ಅಲ್ವಾ? ಬೇಡಿಕೆ ಕಡಿಮೆಯಾಗಿದ್ದರೆ ಅಂಕಿ ಮೆಲ್ಲಗೆ ಜಾರುತ್ತದೆ. ಸೋಮವಾರ ಸಂಜೆ ಒಂದೇ ಗಂಟೆಯೊಳಗೆ ಧೊಪ್ಪನೆ ಬಿದ್ದಿದ್ದರೆ ಏನೋ ಮುರಿದಿದೆ. ಅಂಕಿ ತೋರಿಸುವ ಡ್ಯಾಶ್‌ಬೋರ್ಡ್ ನಮ್ಮ ಸಮಯ ಬಿಟ್ಟು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ, ಇಲ್ಲದಿದ್ದರೆ ತಪ್ಪು ಗಂಟೆಯ ಲಾಗ್ (ಸರ್ವರ್ ಬರೆದಿಡುವ ದಾಖಲೆ) ಹುಡುಕುತ್ತಾ ಕೂರುತ್ತೀರಿ. ನಾನು ಕೂತಿದ್ದೇನೆ!

ಡ್ಯಾಶ್‌ಬೋರ್ಡನ್ನೂ ಪೂರ್ತಿ ನಂಬಬೇಡಿ. ಗಿರಾಕಿಗಳ ದುಡ್ಡು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯಲ್ಲಿ ಹೊಸಬರ ದುಡ್ಡು ಎಂದಿನಂತೆ ಬರುತ್ತಿದ್ದರೆ, ಕೆಟ್ಟಿರುವುದು ಎಣಿಕೆ ಮಾತ್ರ.

ದುಡ್ಡೂ ಕಡಿಮೆಯೇ ಬಂದಿದ್ದರೆ ಐದು ಅಂಕಿ ಬೇಕು: ಪುಟ ತೆರೆದವರು, ಮೊಬೈಲ್ ನಂಬರ್ ಹಾಕಿದವರು, ಒಟಿಪಿ ಹಾಕಿ ಒಳಗೆ ಬಂದವರು, ಪ್ಲಾನ್ ಆರಿಸಿದವರು, ದುಡ್ಡು ಕಟ್ಟಿದವರು. ಈ ವಾರದ್ದು ಮತ್ತು ಹೋದ ವಾರದ್ದು ಪಕ್ಕಪಕ್ಕ ಇಡಿ. ಎಲ್ಲಿ ಸೋರುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಪುಟ ತೆರೆದವರೇ ಕಡಿಮೆ ಇದ್ದರೆ ಜಾಹೀರಾತು ನಿಂತಿದೆಯಾ, ಲಿಂಕ್ ಸತ್ತಿದೆಯಾ ನೋಡಿ.

ನನ್ನ ಕಥೆ ಹೇಳುತ್ತೇನೆ. ನನ್ನದು ಗದಗ ಕಡೆಯ ಅಂಗಡಿಗಳ ಸ್ಟಾಕ್ ಲೆಕ್ಕದ ಆ್ಯಪ್. ಒಮ್ಮೆ ಒಟಿಪಿ ಮೆಸೇಜ್ ಚೆಂದ ಕಾಣಲಿ ಅಂತ ಮುಂದೆ "ನಮಸ್ಕಾರ" ಸೇರಿಸಿದೆ. ನಮ್ಮ ದೇಶದಲ್ಲಿ ಕಂಪನಿ ಕಳಿಸುವ ಮೆಸೇಜಿನ ಮಾತು ಡಿಎಲ್‌ಟಿ ಅನ್ನುವ ಟೆಲಿಕಾಂನವರ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿದ ಟೆಂಪ್ಲೇಟಿಗೆ (ಮಾದರಿಗೆ) ಹೊಂದಬೇಕು. ಹೊಂದದಿದ್ದರೆ ಟೆಲಿಕಾಂನವರು ಅಲ್ಲೇ ತಡೆಯುತ್ತಾರೆ. ನನ್ನ ಎಸ್‌ಎಂಎಸ್ ಪ್ಯಾನೆಲ್ ಮಾತ್ರ "ಕಳಿಸಲಾಗಿದೆ" ಅಂತ ಹಸಿರು ತೋರಿಸುತ್ತಿತ್ತು. ಕಳಿಸುವುದು ಬೇರೆ, ತಲುಪುವುದು ಬೇರೆ! ನಾಲ್ಕು ದಿನ ಗೊತ್ತಾಗಲಿಲ್ಲ. ನಾನು ಯಾವಾಗಲೂ ಲಾಗಿನ್ ಆಗಿಯೇ ಇರುವವನು, ಹಳೇ ಗಿರಾಕಿಗಳೂ ಅಷ್ಟೇ. ಹೊಸಬರು ದೂರು ಹೇಳುವುದಿಲ್ಲ, ಸುಮ್ನೆ ಹೋಗಿಬಿಡುತ್ತಾರೆ. ಕೊನೆಗೆ ಬೆಟಗೇರಿಯ ಅಂಗಡಿಯವರೊಬ್ಬರು "ನಿಮ್ಮ ನಂಬರ್ ಬರಂಗಿಲ್ಲಲ್ಲೋ ತಮ್ಮಾ" ಅಂದರು. ನಾನು ಅಷ್ಟರಲ್ಲಿ ಜಾಹೀರಾತಿನ ಚಿತ್ರ ಎರಡು ಸಲ ಬದಲಿಸಿ ಆಗಿತ್ತು.

ಅದಕ್ಕೇ ಹೇಳುತ್ತಿರುವುದು, ಮನೆಯಲ್ಲಿ ಯಾರದ್ದಾದರೂ ಹಳೇ ಫೋನ್, ನೀವು ಬಳಸದ ಸಿಮ್ ತಗೊಂಡು, ವೈಫೈ ಆಫ್ ಮಾಡಿ, ಹೊಸ ಗಿರಾಕಿಯ ಹಾಗೆ ದುಡ್ಡು ಕಟ್ಟುವವರೆಗೂ ಹೋಗಿ. ಗೇಟ್‌ವೇ ಕಮಿಷನ್ ಹೋಗಿ ಉಳಿದ ದುಡ್ಡು ನಿಮಗೇ ವಾಪಸ್ ಬರುತ್ತದೆ.

ಸೋರುವುದು ಕೊನೆಯ ಹೆಜ್ಜೆಯಲ್ಲಾದರೆ ಕಾರ್ಡ್, ಯುಪಿಐ ಆಟೋಪೇ (ತಿಂಗಳ ಕಂತು ತಾನಾಗೇ ಕಟ್ ಆಗುವುದು) ಬೇರೆ ಬೇರೆ ಮಾಡಿ, ಬ್ಯಾಂಕ್‌ವಾರು ವಿಫಲವಾದದ್ದು ಎಣಿಸಿ. ಒಂದೇ ಬ್ಯಾಂಕಿನದು ಜಾಸ್ತಿ ಇದ್ದರೆ ತಪ್ಪು ನಿಮ್ಮದಲ್ಲ. ಯಾರೋ ಕೆಳಗೆ ಕಾಮೆಂಟಿನಲ್ಲಿ, ತಾನಾಗೇ ಕಟ್ ಆಗುವ ದುಡ್ಡಿಗೆ 15,000 ರೂಪಾಯಿ ಮಿತಿ ಇರುವುದೇ ಕಾರಣ ಇರಬಹುದು ಅಂತ ಬರೆದಿದ್ದಾರೆ. ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ 5,000ದಿಂದ ಏರಿಸಿದ ಆ ಮಿತಿ, ಮುಂದಿನ ಕಂತುಗಳು ಒಟಿಪಿ ಇಲ್ಲದೆ ಕಟ್ ಆಗುವುದಕ್ಕೆ. 299ರ ಹೊಸ ಸೈನ್‌ಅಪ್‌ಗೂ ಅದಕ್ಕೂ ಸಂಬಂಧವಿಲ್ಲ.

ಸೀಸನ್‌ನಿಂದ ಇಳಿದಿರಬಹುದು ಅನ್ನುವ ಮಾತೂ ಬಂತು. ನಿಮ್ಮ ಗಿರಾಕಿಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಗಳು ಜಾಸ್ತಿ ಅಂದಿರಿ. ಅಲ್ಲಿನ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮಾಲು ಖರೀದಿಯ ಟೆಂಡರ್. ಆ ದಿನ ಹೊಸ ಆ್ಯಪ್ ಯಾರು ಮುಟ್ಟುತ್ತಾರೆ? ಹಾಗಾಗಿ ಗುರುವಾರವನ್ನು ಹೋದ ಗುರುವಾರದ ಜೊತೆಗೇ ಹೋಲಿಸಿ. ಅಮಾವಾಸ್ಯೆ ಬಂದಿತ್ತಾ ಅಂತಲೂ ನೋಡಿಕೊಳ್ಳಿ. ಆದರೆ ದಿನಕ್ಕೆ ಹನ್ನೊಂದು ಇದ್ದದ್ದು ಒಂದಿನ ಏಳಾದರೆ ಸೀಸನ್ ಅನ್ನಬಹುದು. ಐದು ದಿನ ಸತತ ಎರಡು-ಮೂರು ಅಂದರೆ ನಾನಂತೂ ಒಪ್ಪುವುದಿಲ್ಲ.

ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗಿನವರೆಗೆ ಏನೇನು ಬದಲಿಸಿದಿರಿ, "ಸಣ್ಣದು" ಅಂತ ಬಿಟ್ಟದ್ದೂ ಸೇರಿಸಿ, ಆ ಐದು ಅಂಕಿಗಳ ಜೊತೆ ಇಲ್ಲೇ ಹಾಕಿ. ಶನಿವಾರ ಹುಬ್ಬಳ್ಳಿಯ ಗೋಕುಲ್ ರೋಡ್ ಕಡೆ ಬರುವವನಿದ್ದೇನೆ, ನನ್ನ ಹಳೇ ಫೋನೂ ತರುತ್ತೇನೆ.